ಎಕ್ಸ್‌ಟೆನ್ಶನ್ ಹಳೆಯದಾಗಿದೆಯೇ? ಕಿತ್ತುಹಾಕುವ ಮುನ್ನ ಇಷ್ಟು ಮಾಡಿ

ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುವವರೊಬ್ಬರು ಕಳೆದ ಮಳೆಗಾಲದಲ್ಲಿ, ಪಾಸ್‌ವರ್ಡ್ ಮ್ಯಾನೇಜರ್‌ನ (ಪಾಸ್‌ವರ್ಡ್‌ಗಳನ್ನೆಲ್ಲ ಕಾಪಿಡುವ ತಂತ್ರಾಂಶ) ಎಕ್ಸ್‌ಟೆನ್ಶನ್, ಎಂದರೆ ಬ್ರೌಸರ್‌ಗೆ ಜೋಡಿಸುವ ಅದರ ಪುಟ್ಟ ತುಣುಕು, ಹಳೆಯದಾಗಿದೆ ಎಂಬ ಸೂಚನೆ ಕಂಡೊಡನೆ ಅದನ್ನು ಬ್ರೌಸರ್‌ನಿಂದ ಕಿತ್ತು ಮತ್ತೆ ಹಾಕಿಕೊಂಡರು. ಹೊಸದನ್ನು ತೆರೆದಾಗ ಒಳಗೆ ಏನೂ ಇರಲಿಲ್ಲ. ಅವರ ಪಾಸ್‌ವರ್ಡ್‌ಗಳು ಆ ಎಕ್ಸ್‌ಟೆನ್ಶನ್‌ನ ಸಂಗ್ರಹದಲ್ಲಷ್ಟೇ ಇದ್ದುದರಿಂದ ಅದರೊಂದಿಗೇ ಹೋಗಿದ್ದವು; ಬ್ಯಾಂಕು, ಜಿಎಸ್‌ಟಿ, ಆದಾಯ ತೆರಿಗೆ ಎಂದು ಒಂದೊಂದೇ ತಾಣದಲ್ಲಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಒತ್ತುತ್ತ ಮೂರು ದಿನ ಕಳೆದರು. ಇದೇ ಎಡವಟ್ಟನ್ನು ಅಂಕೋಲಾ, ಕಾರವಾರಗಳಲ್ಲೂ ಕಂಡಿರುವುದರಿಂದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಂಪ್ಯೂಟರಿನ ದಿನಾಂಕ ನೋಡಿ. ಹಳೆಯ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡಿನಲ್ಲಿರುವ ಸಿಆರ್2032 ಬಿಲ್ಲೆ ಸೆಲ್ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಆಗ ತಾಣಗಳ ಭದ್ರತಾ ಪ್ರಮಾಣಪತ್ರಗಳನ್ನು ಬ್ರೌಸರ್ ನಂಬುವುದಿಲ್ಲ, ಅಪ್‌ಡೇಟ್‌ಗಳೂ ಇಳಿಯುವುದಿಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಇದು ಅಪರೂಪವೇನಲ್ಲ.

ಎರಡನೆಯದು ಬ್ರೌಸರ್. ಕ್ರೋಮ್‌ನಲ್ಲಿ ಮೂರು ಚುಕ್ಕಿ, ಹೆಲ್ಪ್, ಅಬೌಟ್ ಎಂದು ಹೋದರೆ ಅದು ತಾನೇ ನವೀಕರಣಗೊಳ್ಳುತ್ತದೆ. ಬಳಿಕ ರೀಲಾಂಚ್ ಒತ್ತಬೇಕು. ಆದರೆ ವಿಂಡೋಸ್ 7 ಅಥವಾ 8.1 ಇರುವ ಯಂತ್ರದಲ್ಲಿ ಕ್ರೋಮ್ 109ನೇ ಆವೃತ್ತಿಗೇ ನಿಂತುಬಿಟ್ಟಿದೆ. 2023ರ ಫೆಬ್ರವರಿಯಲ್ಲಿ ಬಂದ 110ಕ್ಕೆ ವಿಂಡೋಸ್ 10 ಬೇಕು. ಫೈರ್‌ಫಾಕ್ಸ್ 128ಕ್ಕಿಂತ ಹಳೆಯದಾಗಿದ್ದರೆ, ವಿಸ್ತೃತ ಬೆಂಬಲದ ಸರಣಿಯಾದರೆ (ಇಎಸ್‌ಆರ್) 115.13ಕ್ಕಿಂತ ಹಳೆಯದಾಗಿದ್ದರೆ, ಅದರೊಳಗಿನ ಮೂಲ ಪ್ರಮಾಣಪತ್ರದ ಅವಧಿ 2025ರ ಮಾರ್ಚ್ 14ರಂದು ಮುಗಿದಿರುವುದರಿಂದ ಎಕ್ಸ್‌ಟೆನ್ಶನ್‌ಗಳು ಕೈಕೊಡುತ್ತವೆ. ಎಕ್ಸ್‌ಟೆನ್ಶನ್ ಅನ್ನು ಎಷ್ಟು ಸಲ ಕಿತ್ತು ಹಾಕಿದರೂ ಇಲ್ಲಿ ಪ್ರಯೋಜನವಿಲ್ಲ.

ಮೂರನೆಯದಾಗಿ ಕ್ರೋಮ್‌ನ ಎಕ್ಸ್‌ಟೆನ್ಶನ್‌ಗಳ ಪುಟದಲ್ಲಿ ಡೆವಲಪರ್ ಮೋಡ್ ಆನ್ ಮಾಡಿ, ಅಪ್‌ಡೇಟ್ ಒತ್ತಿ, ಮತ್ತೆ ಆಫ್ ಮಾಡಿ. ‘ಇನ್ನು ಬೆಂಬಲವಿಲ್ಲ’ ಎಂದು ಕ್ರೋಮ್ ಹೇಳುತ್ತಿದ್ದರೆ ಮಾತು ಬೇರೆ. ಮ್ಯಾನಿಫೆಸ್ಟ್ 2 ಎಂಬ ಹಳೆಯ ಮಾದರಿಯ ಎಕ್ಸ್‌ಟೆನ್ಶನ್‌ಗಳನ್ನು ಕ್ರೋಮ್ 2024ರಿಂದ ನಿಲ್ಲಿಸುತ್ತ ಬಂದಿದೆ. ಹೊಸ ಮಾದರಿಯದನ್ನು ತಯಾರಕರೇ ಕೊಡಬೇಕು, ಅವರು ಕೊಡದಿದ್ದರೆ ಬೇರೆ ಮ್ಯಾನೇಜರ್ ಹುಡುಕಿಕೊಳ್ಳಬೇಕು. ಪೆನ್‌ಡ್ರೈವ್‌ನಲ್ಲಿ ಯಾರೋ ತಂದುಕೊಡುವ ಎಕ್ಸ್‌ಟೆನ್ಶನ್ ಕಡತವನ್ನು ಮಾತ್ರ ಹಾಕಿಕೊಳ್ಳಬೇಡಿ. ಯಾವುದೋ ಜಾಲತಾಣದೊಳಗೆ ಧುತ್ತೆಂದು ಬಂದು ‘ಈಗಲೇ ನವೀಕರಿಸಿ’ ಎನ್ನುವ ಪೆಟ್ಟಿಗೆ ವಂಚನೆಯೆಂದೇ ತಿಳಿಯಿರಿ.

ಕೀಪಾಸ್‌ಎಕ್ಸ್‌ಸಿ ಎಂಬ ಮ್ಯಾನೇಜರ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಎಕ್ಸ್‌ಟೆನ್ಶನ್ ಬರೀ ಓಲೆಕಾರ. ಗುಟ್ಟೆಲ್ಲ ಕಂಪ್ಯೂಟರಿನಲ್ಲಿರುವ ಮೂಲ ತಂತ್ರಾಂಶದ ಕಡತದಲ್ಲಿರುತ್ತದೆ. ಎಕ್ಸ್‌ಟೆನ್ಶನ್ ತಾನಾಗಿ ಹೊಸದಾಗುತ್ತಿರುತ್ತದೆ, ವಿಂಡೋಸ್‌ನಲ್ಲಿ ಹಾಕಿಕೊಂಡ ತಂತ್ರಾಂಶ ಹಾಗೆಯೇ ಉಳಿದಿರುತ್ತದೆ, ಹೀಗಾಗಿ ಕೆಲವೊಮ್ಮೆ ಎರಡರ ನಡುವೆ ಮಾತು ಕೂಡುವುದಿಲ್ಲ. ತಂತ್ರಾಂಶವನ್ನು ಅದರದೇ ತಾಣದಿಂದ ನವೀಕರಿಸಿ ಎರಡನ್ನೂ ಮುಚ್ಚಿ ತೆರೆದರೆ ಸಾಕು. ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಂತೆ ಮಳೆ ಬಿದ್ದರೆ ನೆಟ್ ಹೋಗುವ ಊರಿನವರು ಇಂಥ ಕಡತದ ಮಾದರಿಯನ್ನೇ ಆರಿಸಿಕೊಳ್ಳಬೇಕು, ಪ್ರತಿಯೊಂದನ್ನು ಬೇರೆಡೆ ಇಟ್ಟಿರಬೇಕು.

ಇಷ್ಟಾದರೂ ಸರಿಹೋಗದಿದ್ದರೆ ಮಾತ್ರ ಎಕ್ಸ್‌ಟೆನ್ಶನ್ ಕೀಳುವ ಮಾತು. ಜನ ಕೆಡಿಸಿಕೊಳ್ಳುವುದು ಇಲ್ಲೇ. ಕೀಳುವ ಮುನ್ನ ನಿಮ್ಮ ಪಾಸ್‌ವರ್ಡ್‌ಗಳು ನಿಜಕ್ಕೂ ಎಲ್ಲಿವೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮೊಬೈಲ್ ಆ್ಯಪ್ ಅಥವಾ ತಯಾರಕರ ತಾಣದಲ್ಲಿ ಖಾತೆಯನ್ನು ತೆರೆದು, ಹೋದ ವಾರವಷ್ಟೇ ಉಳಿಸಿದ ಒಂದು ಪಾಸ್‌ವರ್ಡನ್ನು ಹುಡುಕಿ. ವರ್ಷದ ಹಿಂದಿನದು ಸಿಕ್ಕಿತೆಂದು ಸಮಾಧಾನಪಟ್ಟುಕೊಳ್ಳಬೇಡಿ, ಏಕೆಂದರೆ ಹಳೆಯ ಎಕ್ಸ್‌ಟೆನ್ಶನ್ ತಿಂಗಳುಗಳಿಂದ ಸಿಂಕ್ ಆಗದೆಯೇ, ಅಂದರೆ ಹೊಸ ಪಾಸ್‌ವರ್ಡ್‌ಗಳನ್ನು ಖಾತೆಗೆ ಕಳಿಸದೆಯೇ, ಕೂತಿರಬಹುದು. ಅಲ್ಲಿ ಲಾಗಿನ್ ಆಗುವಾಗ ಮ್ಯಾನೇಜರ್ ತೆರೆಯುವ ಮಾಸ್ಟರ್ ಪಾಸ್‌ವರ್ಡನ್ನು ಕೈಯಾರೆ ಪೂರ್ತಿ ಟೈಪ್ ಮಾಡಿ. ನಾಲ್ಕಂಕಿಯ ಪಿನ್‌ನಿಂದಲೋ ಬೆರಳಚ್ಚಿನಿಂದಲೋ ತೆರೆದು ರೂಢಿಯಾದವರಿಗೆ ಅದು ಮರೆತೇಹೋಗಿರುತ್ತದೆ, ಮತ್ತು ಬಿಟ್‌ವಾರ್ಡನ್‌ನಂಥ ವ್ಯವಸ್ಥೆಗಳಲ್ಲಿ ಅದನ್ನು ಕಂಪನಿಯೂ ಹೇಳಿಕೊಡಲಾರದು. ಎರಡನೇ ಹಂತದ ಕೋಡ್ ಕೊಡುವ ವ್ಯವಸ್ಥೆಯೂ ಅದೇ ಮ್ಯಾನೇಜರ್‌ನೊಳಗಿದ್ದರೆ, ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ. ಆ ಹಂತ ದಾಟಲು ಕೊಟ್ಟಿರುವ ರಿಕವರಿ ಕೋಡನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ನಂತರ ಪಾಸ್‌ವರ್ಡ್‌ಗಳನ್ನೆಲ್ಲ ಒಂದು ಕಡತಕ್ಕೆ ಎಕ್ಸ್‌ಪೋರ್ಟ್ ಮಾಡಿ. ಗೂಢಲಿಪೀಕರಿಸಿದ ಮಾದರಿ ಇದ್ದರೆ ಅದನ್ನೇ ಆರಿಸಿ. ಸಿಎಸ್‌ವಿ ಎಂಬ ಸಾದಾ ಪಠ್ಯದ ಕಡತದಲ್ಲಿ ಪಾಸ್‌ವರ್ಡ್‌ಗಳು ಯಾರು ಬೇಕಾದರೂ ಓದುವಂತೆ ಇರುತ್ತವೆ. ಬೇರೆ ದಾರಿಯಿಲ್ಲದಿದ್ದರೆ ಅದನ್ನು ನೇರ ಪೆನ್‌ಡ್ರೈವ್‌ಗೆ ಉಳಿಸಿ, ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳುಹಿಸಿಕೊಳ್ಳಬೇಡಿ.

ಈಗ ಕೀಳಬಹುದು. ಬ್ರೌಸರ್ ಮುಚ್ಚಿ ತೆರೆದು, ಸ್ಟೋರ್‌ನಲ್ಲಿ ಹೆಸರು ಹುಡುಕುವ ಬದಲು ತಯಾರಕರ ತಾಣದಲ್ಲಿರುವ ಕೊಂಡಿಯಿಂದಲೇ ಹೊಸದನ್ನು ಹಾಕಿಕೊಳ್ಳಿ. ಹೆಸರು, ಚಿಹ್ನೆ ಎರಡನ್ನೂ ಅನುಕರಿಸುವ ನಕಲಿಗಳಿರುತ್ತವೆ. ಲಾಗಿನ್ ಆಗಿ, ಹೋದ ವಾರದ ಅದೇ ಪಾಸ್‌ವರ್ಡ್ ಇಲ್ಲಿಯೂ ಸಿಕ್ಕ ಮೇಲೆ ಪೆನ್‌ಡ್ರೈವ್‌ನಲ್ಲಿರುವ ಸಿಎಸ್‌ವಿ ಕಡತವನ್ನು ಅಳಿಸಿ.