ರೋಗದ ಹೆಸರಿಗಿಂತ ಮೊದಲು ಕಂಡದ್ದನ್ನು ಬರೆಯುತ್ತೇನೆ

ಚರ್ಮದ ತೊಂದರೆ ಅಂತ ಬಂದವರಲ್ಲಿ ಹೆಚ್ಚಿನವರು "ಡಾಕ್ಟ್ರೇ, ಅಲರ್ಜಿ ಆಗಿದೆ" ಅನ್ನುತ್ತಾರೆ. ಪಿತ್ತದ ಗಂಧೆಗೂ ಅದೇ ಮಾತು, ಹುಳುಕಡ್ಡಿಗೂ ಅದೇ, ಇಸಬಿಗೂ ಅದೇ. ಹಾಗಾಗಿ ನಾನು ರೋಗದ ಹೆಸರಿಗೆ ಆತುರಪಡುವುದಿಲ್ಲ. ಕಣ್ಣಿಗೆ ಕಂಡದ್ದು, ಬೆರಳಿಗೆ ಸಿಕ್ಕಿದ್ದು ಮೊದಲು ಚೀಟಿಗೆ ಇಳಿಯಬೇಕು.

ಬಣ್ಣ ಮಾತ್ರ ಬೇರೆಯಾಗಿದ್ದು, ಬೆರಳಾಡಿಸಿದಾಗ ಉಬ್ಬು ತಗ್ಗು ಏನೂ ಸಿಗದಿದ್ದರೆ ಅದು ಮ್ಯಾಕ್ಯೂಲ್. 1 ಸೆಂ.ಮೀ. ದಾಟಿದರೆ ಪ್ಯಾಚ್. ಗಟ್ಟಿಯಾಗಿ ಉಬ್ಬಿದ್ದರೆ ಪ್ಯಾಪ್ಯೂಲ್, ಅಗಲವಾಗಿ ಹರಡಿದ್ದರೆ ಪ್ಲೇಕ್. ನೀರು ತುಂಬಿದ ಸಣ್ಣ ಗುಳ್ಳೆ ವೆಸಿಕಲ್, ದೊಡ್ಡ ಬೊಕ್ಕೆ ಬುಲ್ಲಾ, ಕೀವಿದ್ದರೆ ಪಶ್ಚೂಲ್. ಕೆಲವು ಪುಸ್ತಕಗಳಲ್ಲಿ ಸಣ್ಣದು, ದೊಡ್ಡದು ಅನ್ನುವ ಈ ಗಡಿ 1 ಸೆಂ.ಮೀ. ಅಲ್ಲ, ಅರ್ಧ ಸೆಂ.ಮೀ. ನಾನಂತೂ ಸ್ಕೇಲ್ ಹಿಡಿದು ಅಳತೆಯನ್ನೇ ಬರೆದುಬಿಡುತ್ತೇನೆ. ಆಮೇಲೆ ನೋಡುವವರಿಗೆ ಗೊಂದಲ ಇರುವುದಿಲ್ಲ.

ಕೆಂಪು ಚುಕ್ಕೆ ಕಂಡರೆ ಗಾಜಿನ ಸ್ಲೈಡ್ ಬೇಕೇ ಬೇಕು. ಚುಕ್ಕೆಯ ಮೇಲಿಟ್ಟು ಒತ್ತುತ್ತೇನೆ. ಕೆಂಪು ಮಾಯವಾದರೆ ರಕ್ತ ಇನ್ನೂ ನಾಳದ ಒಳಗೇ ಇದೆ. ಹಾಗೇ ಉಳಿದರೆ ಚರ್ಮದೊಳಗೆ ಸೋರಿದೆ, ಅಂದರೆ ಪರ್ಪ್ಯೂರಾ. ಅದು ಬೆರಳಿಗೂ ಉಬ್ಬಾಗಿ ಸಿಕ್ಕರೆ ರಕ್ತನಾಳದ ಉರಿಯೂತ ಇರಬಹುದು. ಕಿಡ್ನಿಗೆ ಪೆಟ್ಟಾಗಿದೆಯಾ ಅಂತ ತಿಳಿಯಲು ಅವತ್ತೇ ಮೂತ್ರ ಪರೀಕ್ಷೆಗೆ ಬರೆಯುತ್ತೇನೆ. ಜೊತೆಗೆ ಜ್ವರವೂ ಇದ್ದರೆ ಕಾಯುವ ಮಾತೇ ಇಲ್ಲ, ನೇರ ತುರ್ತು ಚಿಕಿತ್ಸೆಗೆ.

ಮೈಬಣ್ಣ ಕಪ್ಪಾಗಿದ್ದವರಲ್ಲಿ ಕೆಂಪನ್ನೇ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಅಲ್ಲಿ ಅದು ನೇರಳೆ ಅಥವಾ ಕಡು ಕಂದಾಗಿ ಕಾಣುತ್ತದೆ. ಪುಸ್ತಕದ ಚಿತ್ರಗಳು ಜಾಸ್ತಿ ಬಿಳಿ ಚರ್ಮದವೇ ಅಲ್ವಾ? ಕಲಿಯುವವರಿಗೆ ಇದನ್ನು ಪದೇ ಪದೇ ಹೇಳುತ್ತೇನೆ.

ಪಿತ್ತದ ಗಂಧೆಯಲ್ಲಿ ಊದಿಕೊಂಡು ಏಳುವ ದದ್ದಿನ ಹೆಸರು ವೀಲ್. ಅದು ಹೌದೋ ಅಲ್ಲವೋ ಅಂತ ಅನುಮಾನ ಬಂದರೆ ಒಂದು ದದ್ದಿನ ಸುತ್ತ ಪೆನ್ನಿನಿಂದ ಗೆರೆ ಎಳೆದು, "ನಾಳೆ ಇದೇ ಹೊತ್ತಿಗೆ ನೋಡಿಕೊಳ್ಳಿ" ಅನ್ನುತ್ತೇನೆ. ಸಾಮಾನ್ಯವಾಗಿ 24 ಗಂಟೆಯೊಳಗೆ ಆ ಜಾಗ ಕಲೆಯಿಲ್ಲದೆ ಖಾಲಿಯಾಗಿರುತ್ತದೆ, ಹೊಸದು ಬೇರೆ ಕಡೆ ಎದ್ದಿರುತ್ತದೆ. ಅಲ್ಲೇ ಉಳಿದು ಕಲೆ ಬಿಟ್ಟರೆ ಬಯಾಪ್ಸಿ, ಅಂದರೆ ಚರ್ಮದ ಸಣ್ಣ ತುಣುಕು ತೆಗೆದು ಪರೀಕ್ಷೆ, ಮಾಡಿಸುತ್ತೇನೆ.

ಹುಳುಕಡ್ಡಿಯಲ್ಲಿ ಅಂಚು ಉಬ್ಬಿ ಹೊಟ್ಟು ಕಟ್ಟಿರುತ್ತದೆ, ನಡು ತಿಳಿಯಾಗಿರುತ್ತದೆ. ಕೆರೆದು ತೆಗೆಯುವುದೂ ಅಂಚಿನಿಂದಲೇ. ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮೈಕ್ರೋಸ್ಕೋಪಿನಲ್ಲಿ ಫಂಗಸ್ಸಿನ ಎಳೆ ಹುಡುಕುತ್ತೇನೆ. ಸ್ಟೀರಾಯ್ಡ್ ಕ್ರೀಮು ಹಚ್ಚಿಕೊಂಡು ಬಂದವರಲ್ಲಿ ಈ ಅಂಚೇ ಅಳಿಸಿಹೋಗಿರುತ್ತದೆ, ಕಂಡದ್ದು ದಾರಿ ತಪ್ಪಿಸುತ್ತದೆ. ಅದಕ್ಕೇ ಏನು ಹಚ್ಚಿದ್ದೀರಿ ಅಂತ ಕೇಳದೆ ಪೆನ್ನು ಎತ್ತುವುದಿಲ್ಲ. ಹೆಸರು ನೆನಪಿಲ್ಲದವರಿಗೆ ಟ್ಯೂಬನ್ನೇ ತರಲು ಹೇಳುತ್ತೇನೆ.