ಕಮಿನ್ಸ್ 12 ವಾಲ್ವ್ ಎಂಜಿನ್ ಮತ್ತೆ ಕಟ್ಟಿದ್ದು: ನನ್ನ ಅನುಭವ

ಹಳೆಯ ಡೀಸೆಲ್ ಎಂಜಿನ್ನಿನಿಂದ ಹೆಚ್ಚು ಶಕ್ತಿ ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ. ದೊಡ್ಡ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ), ದೊಡ್ಡ ನಾಜಲ್ (ಇಂಧನ ಸಿಂಪಡಿಸುವ ಮೂತಿ), ಇಂಧನ ಪಂಪಿನಲ್ಲಿ ಒಂದಿಷ್ಟು ಕೈಚಳಕ ಇದ್ದರೆ ಸಾಕು. ಆ ಶಕ್ತಿಯನ್ನು ತಡೆದುಕೊಳ್ಳುವ ಎಂಜಿನ್ ಕಟ್ಟುವುದು ಬೇರೆಯೇ ಕೆಲಸ. ಅದರ ಮುಕ್ಕಾಲು ಪಾಲು ಮಶೀನ್ ಶಾಪಿನಲ್ಲಿ ನಡೆಯುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ಬಾನೆಟ್ ಎತ್ತಿದವರು ಟರ್ಬೊ ನೋಡಿ ಹೊಗಳುತ್ತಾರೆ. ಬೋರು, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ತೂತು, ಎಷ್ಟು ದುಂಡಗಿದೆ ಎಂದು ಯಾರೂ ಕೇಳುವುದಿಲ್ಲ.

ನನ್ನದು 1997ರ ಡಾಡ್ಜ್ ರ‍್ಯಾಮ್ 2500 ಪಿಕಪ್. ಒಳಗಿರುವುದು ಕಮಿನ್ಸ್ ಬಿ ಸರಣಿಯ 5.9 ಲೀಟರ್, ಆರು ಸಿಲಿಂಡರಿನ, 12 ವಾಲ್ವಿನ ಎಂಜಿನ್. ನಾನಿರುವ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಬೇಸಿಗೆಯ ಕೌಂಟಿ ಜಾತ್ರೆಗಳಲ್ಲಿ ಟ್ರಕ್ ಎಳೆಯುವ ಸ್ಪರ್ಧೆ ನಡೆಯುತ್ತದೆ. ಹಿಂದೆ ಕಟ್ಟಿದ ಸ್ಲೆಡ್ಡಿನ (ಭಾರ ಹೊತ್ತ ಜಾರುಬಂಡಿಯ) ಮೇಲಿನ ಭಾರದ ಪೆಟ್ಟಿಗೆ, ಗಾಡಿ ಮುಂದೆ ಹೋದಂತೆಲ್ಲ ಮುಂದಕ್ಕೆ ಜರುಗಿ ಬರುತ್ತದೆ. ಮೊದಲ ಐವತ್ತು ಅಡಿ ಸಲೀಸು, ಆಮೇಲೆ ನೆಲವೇ ಗಾಡಿಯನ್ನು ಹಿಡಿದುಕೊಂಡಂತೆ. ಅಷ್ಟೂ ಹೊತ್ತು ಎಂಜಿನ್ ಪೂರ್ತಿ ಹೊರೆಯಲ್ಲಿ ಪೂರ್ತಿ ಇಂಧನ ಕುಡಿಯುತ್ತಿರುತ್ತದೆ. ನನ್ನ ಗಾಡಿ ಇದರ ಜೊತೆಗೆ ದಿನನಿತ್ಯದ ಓಡಾಟಕ್ಕೂ ಬೇಕು, ಟ್ರೇಲರ್ ಎಳೆಯಲೂ ಬೇಕು.

ಈ ಎಂಜಿನ್ ನಮ್ಮವರಿಗೆ ಹೊಸದೂ ಅಲ್ಲ. ಕಮಿನ್ಸ್ ಕೇಂದ್ರ ಕಚೇರಿ ಇರುವುದು ಇದೇ ರಾಜ್ಯದ ಕೊಲಂಬಸ್ ಊರಿನಲ್ಲಿ. ಇದೇ ಬಿ ಸರಣಿಯ 5.9 ಎಂಜಿನ್ನನ್ನು ಜಮ್ಷೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆ ಟಾಟಾ ಲಾರಿಗಳಿಗಾಗಿ ಮಾಡಿತು. ದಾವಣಗೆರೆಯಲ್ಲಿ ಲಾರಿ ಗ್ಯಾರೇಜ್ ನಡೆಸಿದ ನನ್ನ ಚಿಕ್ಕಪ್ಪ ಇದೇ ಕುಟುಂಬದ ಎಂಜಿನ್ನುಗಳನ್ನು ಲೆಕ್ಕವಿಲ್ಲದಷ್ಟು ಇಳಿಸಿ ಏರಿಸಿದವರು. ಅವರಿಗೆ ಅಚ್ಚರಿ ತಂದದ್ದು ಒಂದೇ: ಲಾರಿಯ ಎಂಜಿನ್ನನ್ನು ಸ್ವಂತ ಓಡಾಟದ ಗಾಡಿಗೆ ಹಾಕುತ್ತಾರೆಯೇ ಎಂಬುದು.

ಕಾಯಿಲೆ ಗುರುತಿಸಲು ಕಷ್ಟವಾಗಲಿಲ್ಲ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಬಿಚ್ಚಿ, ತಲೆಕೆಳಗು ಮಾಡಿ ಅದೇ ತೂತಿನ ಮೇಲೆ ಇಟ್ಟೆ. ಸುಮ್ಮನೆ ಕೂತಿದ್ದರೆ ಅಥವಾ ಸ್ವಲ್ಪ ನಡುಗಿದರೆ ಚಿಂತೆಯಿಲ್ಲ. ನನ್ನದು ಎಗರಿ ಬ್ಯಾಟರಿಯ ಹತ್ತಿರ ಬಿತ್ತು. ಪಿಸ್ಟನ್ನಿನ ಸುತ್ತಲಿನ ರಿಂಗು ದಾಟಿ ಗಾಳಿ ಕೆಳಗಿನ ಕ್ರಾಂಕ್‌ಕೇಸಿಗೆ ಇಳಿಯುತ್ತಿತ್ತು. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಎತ್ತಿದಾಗ ಒಂದು ಪಿಸ್ಟನ್ನಿನ ಅಂಚು ಇಲಿ ಕಚ್ಚಿದಂತೆ ಕರಗಿತ್ತು, ಅದೇ ಸಿಲಿಂಡರಿನ ಗೋಡೆಯಲ್ಲಿ ಉದ್ದುದ್ದ ಗೀರು. ಹಿಂದಿನ ಮಾಲೀಕರು ದೊಡ್ಡ ನಾಜಲ್ ಹಾಕಿ, ಎಕ್ಸಾಸ್ಟ್ ಉಷ್ಣತೆ ತೋರಿಸುವ ಪೈರೋಮೀಟರ್ ಹಾಕದೆ ಬಿಟ್ಟಿದ್ದರು. ಡೀಸೆಲ್ಲಿನಲ್ಲಿ ಗಾಳಿಗೆ ಮೀರಿ ಇಂಧನ ಸುರಿದರೆ ಮೊದಲು ಬೇಯುವುದು ಪಿಸ್ಟನ್.

ಬಿಚ್ಚುವಾಗ ಈ ಎಂಜಿನ್ನಿನ ಎರಡು ಗುಟ್ಟು ತಿಳಿದಿರಬೇಕು. ಮುಂದಿನ ಗೇರ್ ಹೌಸಿಂಗನ್ನು ಬ್ಲಾಕಿಗೆ ಕೂರಿಸುವ ಸಣ್ಣ ಉಕ್ಕಿನ ಡೋವೆಲ್ ಪಿನ್ ಒಂದಿದೆ. ಅದನ್ನು ಹಿಡಿದಿಡಲು ಏನೂ ಇಲ್ಲ. ವರ್ಷಗಟ್ಟಲೆ ಅದುರಿ ಅದುರಿ ಹೊರಗೆ ಜಾರಿ ಟೈಮಿಂಗ್ ಗೇರುಗಳ ನಡುವೆ ಬಿದ್ದರೆ ಹೌಸಿಂಗ್ ಒಡೆಯುತ್ತದೆ, ಕೆಲವೊಮ್ಮೆ ಎಂಜಿನ್ನೇ ಮುಗಿಯುತ್ತದೆ. ಇಲ್ಲಿನವರು ಅದನ್ನು ಕೊಲೆಗಾರ ಪಿನ್ ಎಂದೇ ಕರೆಯುತ್ತಾರೆ. ನನ್ನದು ಅರ್ಧ ಹೊರಗೆ ಬಂದಿತ್ತು. ಬಡಿದು ಕೂರಿಸಿ, ಮೇಲೊಂದು ಲೋಹದ ಪಟ್ಟಿಯನ್ನು ಬೋಲ್ಟಿನ ಕೆಳಗೆ ಸಿಕ್ಕಿಸಿದೆ. ಎರಡನೆಯದು ಟ್ಯಾಪೆಟ್, ಕ್ಯಾಮ್ ದಂಡದ ಉಬ್ಬಿನ ಮೇಲೆ ಕೂತು ವಾಲ್ವ್ ತೆರೆಯುವ ಪುಶ್‌ರಾಡ್ ಸರಳನ್ನು ತಳ್ಳುವ ಭಾಗ. ಇವು ಅಣಬೆಯ ಆಕಾರದವು, ಮೇಲಿನಿಂದ ಹೊರಗೆ ಬರುವುದಿಲ್ಲ. ಎಂಜಿನ್ ಗಾಡಿಯಲ್ಲೇ ಇದ್ದರೆ ಪುಶ್‌ರಾಡ್ ತೂತಿನಿಂದ ಮರದ ಕಡ್ಡಿಗಳನ್ನು ಬಿಗಿಯಾಗಿ ಇಳಿಸಿ, ಟ್ಯಾಪೆಟ್‌ಗಳನ್ನು ಮೇಲೆತ್ತಿ ಕಟ್ಟಿ, ಆಮೇಲೆ ಕ್ಯಾಮ್ ಎಳೆಯಬೇಕು. ನಾನು ಬ್ಲಾಕನ್ನು ಸ್ಟ್ಯಾಂಡಿನ ಮೇಲೆ ತಲೆಕೆಳಗು ಮಾಡಿದ್ದರಿಂದ ಈ ಸರ್ಕಸ್ ತಪ್ಪಿತು.

ಮಶೀನ್ ಶಾಪ್ ಹುಡುಕುವಾಗ ದರ ಕೇಳುವುದಕ್ಕಿಂತ ಮೊದಲು ಎರಡು ಪ್ರಶ್ನೆ ಕೇಳಿದೆ: ಈ ಬ್ಲಾಕಿಗೆ ಹೊಂದುವ ಟಾರ್ಕ್ ಪ್ಲೇಟ್ ಇದೆಯೇ, ಮತ್ತು ಅಳತೆಗಳನ್ನು ಬರೆದು ಕೊಡುತ್ತೀರಾ? ಮೊದಲನೆಯದಕ್ಕೆ ಹೌದು ಎಂದವರು ಕೆಲವರು. ಎರಡನೆಯದಕ್ಕೆ ಮುಖ ಸಿಂಡರಿಸದವರು ಒಬ್ಬರೇ. ಅರವತ್ತು ದಾಟಿದ ಆ ಕುಶಲಕರ್ಮಿ ಪ್ರತಿ ಸಿಲಿಂಡರಿಗೂ ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಬೋರ್ ಗೇಜ್ ಇಳಿಸಿ ಹಾಳೆ ತುಂಬಿಸಿ ಕೊಟ್ಟರು. ಅದೇ ಅಳತೆಗಳನ್ನು ನಾನೂ ಮನೆಯಲ್ಲಿ ತೆಗೆದಿದ್ದೆ. ಎರಡೂ ಹಾಳೆ ಪಕ್ಕಪಕ್ಕದಲ್ಲಿಟ್ಟು ಮಾತನಾಡಿದ್ದರಿಂದ ಅವರಿಗೂ ನನ್ನ ಮೇಲೆ ನಂಬಿಕೆ ಬಂತು.

ಟಾರ್ಕ್ ಪ್ಲೇಟ್ ಎಂದರೆ ಹೆಡ್ಡಿನ ಜಾಗದಲ್ಲಿ ಬಿಗಿಯುವ ದಪ್ಪ ಉಕ್ಕಿನ ಹಲಗೆ, ಸಿಲಿಂಡರಿನ ನೇರಕ್ಕೆ ತೂತುಗಳಿರುತ್ತವೆ. ಹೆಡ್ ಬಿಗಿದಾಗ ಬೋಲ್ಟುಗಳ ಎಳೆತಕ್ಕೆ ಸಿಲಿಂಡರಿನ ಮೇಲ್ಭಾಗ ಸೂಕ್ಷ್ಮವಾಗಿ ವಕ್ರವಾಗುತ್ತದೆ. ಖಾಲಿ ಬ್ಲಾಕನ್ನು ಎಷ್ಟೇ ದುಂಡಗೆ ಹೋನ್ ಮಾಡಿದರೂ (ಕಲ್ಲಿನಿಂದ ಉಜ್ಜಿ ನಯಗೊಳಿಸಿದರೂ) ಹೆಡ್ ಕೂತ ಮೇಲೆ ಆ ದುಂಡು ಉಳಿಯುವುದಿಲ್ಲ. ಪ್ಲೇಟ್ ಬಿಗಿದು ಹೋನ್ ಮಾಡಿದರೆ ವಕ್ರವಾದ ಸ್ಥಿತಿಯಲ್ಲೇ ದುಂಡಾಗುತ್ತದೆ. ನಾನು ಮುಂದೆ ಬಳಸಲಿದ್ದ ಸ್ಟಡ್‌ಗಳನ್ನೇ (ಬೋಲ್ಟಿನ ಬದಲು ಬ್ಲಾಕಿಗೆ ತಿರುಗಿಸಿ ಮೇಲೆ ನಟ್ ಹಾಕುವ ಸರಳುಗಳು), ಅದೇ ಟಾರ್ಕಿನಲ್ಲೇ (ತಿರುಚು ಬಲದಲ್ಲೇ) ಪ್ಲೇಟಿಗೂ ಹಾಕಿಸಿದೆ. ಬೋಲ್ಟಿನಲ್ಲಿ ಹೋನ್ ಮಾಡಿಸಿ ಸ್ಟಡ್ಡಿನಲ್ಲಿ ಕಟ್ಟಿದರೆ ಪ್ಲೇಟಿನ ಅರ್ಧ ಪ್ರಯೋಜನ ಹೋದಂತೆ.

ಬೋರು ಎಷ್ಟು ತೆಗೆಸಬೇಕೆಂಬುದರಲ್ಲಿ ಚರ್ಚೆ ನಡೆಯಿತು. ಈ ಎಂಜಿನ್ನಿಗೆ ಲೈನರ್ (ಬದಲಿಸಬಹುದಾದ ಒಳಕೊಳವೆ) ಇಲ್ಲ, ಸಿಲಿಂಡರನ್ನು ಎರಕದ ಬ್ಲಾಕಿನಲ್ಲೇ ಕೊರೆದಿರುತ್ತಾರೆ. ಮೂಲ ಬೋರು 102 ಮಿಲಿಮೀಟರ್, ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ) 120. ಹೆಚ್ಚಳದ ಪಿಸ್ಟನ್ 20 ಥೌ ಮತ್ತು 40 ಥೌ ಅಳತೆಯಲ್ಲಿ ಸಿಗುತ್ತದೆ. ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ. ಗೀರು ಆಳವಾಗಿದೆ, 40ಕ್ಕೇ ಹೋಗೋಣ ಎಂಬ ಯೋಚನೆ ನನಗಿತ್ತು. ಚಿಕ್ಕಪ್ಪ ಫೋನಿನಲ್ಲೇ ತಡೆದರು: "ಲೈನರ್ ಇಲ್ಲದ ಎಂಜಿನ್ ಅಪ್ಪಾ ಅದು. ಒಂದೇ ಸಲಕ್ಕೆ ಎಲ್ಲ ತಿಂದುಬಿಟ್ಟರೆ ಮುಂದಿನ ಸಲಕ್ಕೆ ಸ್ಲೀವ್ ಹೊಡೆಸಬೇಕಾಗುತ್ತದೆ. ಇಪ್ಪತ್ತರಲ್ಲಿ ಗೀರು ಹೋಗುತ್ತದೆಯೋ ಇಲ್ಲವೋ, ಮೊದಲು ಅಷ್ಟನ್ನು ನೋಡಿಸು." ಶಾಪಿನವರ ಮಾತೂ ಅದೇ ಆಗಿತ್ತು. ಗೋಡೆ ದಪ್ಪವಿದ್ದಷ್ಟೂ ಒತ್ತಡಕ್ಕೆ ಬಾಗುವುದು ಕಡಿಮೆ. 40ಕ್ಕೆ ಹೋದರೆ ಸಿಗುವ ಹೆಚ್ಚುವರಿ ಗಾತ್ರ ಲೆಕ್ಕಕ್ಕೇ ಬರುವಷ್ಟಲ್ಲ. 20ರಲ್ಲಿ ಗೀರು ಪೂರ್ತಿ ಹೋಯಿತು.

ಪಿಸ್ಟನ್ ಕೈಗೆ ಬರುವ ಮುನ್ನ ಬೋರಿಂಗ್ ಮಾಡಿಸಬಾರದು. ಆರು ಪಿಸ್ಟನ್ನುಗಳನ್ನೂ ಶಾಪಿಗೆ ಒಯ್ದು ಕೊಟ್ಟೆ. ಅವರು ಒಂದೊಂದನ್ನೂ ಅಳೆದು, ತಯಾರಕರ ಹಾಳೆ ಹೇಳಿದ ಸಡಿಲಿಕೆ ಸೇರಿಸಿ, ಆಯಾ ಸಿಲಿಂಡರನ್ನು ಆಯಾ ಪಿಸ್ಟನ್ನಿಗೆ ಹೋನ್ ಮಾಡಿ ನಂಬರ್ ಬರೆದರು. ಪೆಟ್ಟಿಗೆಯ ಮೇಲೆ ಒಂದೇ ಅಳತೆ ಬರೆದಿದ್ದರೂ ಮೈಕ್ರೋಮೀಟರಿಗೆ ಆರೂ ಒಂದೇ ಆಗಿರಲಿಲ್ಲ.

ಪಿಸ್ಟನ್ನುಗಳು ತಿರುಗಿಸುವ ಕ್ರಾಂಕ್ ದಂಡದ ಬಗ್ಗೆ ಹೇಳಲು ಹೆಚ್ಚಿಲ್ಲ. ಫೋರ್ಜ್ ಮಾಡಿದ ಉಕ್ಕು, ಬಿರುಕು ಪರೀಕ್ಷೆಯಲ್ಲಿ ಪಾಸಾಯಿತು, ಜರ್ನಲ್‌ಗಳು (ಬೇರಿಂಗಿನಲ್ಲಿ ತಿರುಗುವ ಭಾಗಗಳು) ಮೂಲ ಅಳತೆಯಲ್ಲೇ ಇದ್ದವು. ಗ್ರೈಂಡ್ ಮಾಡಿಸಲಿಲ್ಲ, ಪಾಲಿಶ್ ಮಾತ್ರ. ಬ್ಯಾಲೆನ್ಸಿಂಗ್ ಕೂಡ ಸಾಲು ಆರು ಸಿಲಿಂಡರಿನಲ್ಲಿ ವಿ-8ರಷ್ಟು ರಗಳೆಯಲ್ಲ. ಪಿಸ್ಟನ್ನುಗಳ ಚಲನೆ ಒಂದನ್ನೊಂದು ಸರಿದೂಗಿಸಿಕೊಳ್ಳುತ್ತದೆ. ಪಿಸ್ಟನ್, ರಾಡ್‌ಗಳ ತೂಕ ಹೊಂದಿಸಿದರೆ ಸಾಕು. ಕನೆಕ್ಟಿಂಗ್ ರಾಡಿಗೆ ಗಟ್ಟಿ ಬೋಲ್ಟು ಹಾಕಿಸಿದ್ದರಿಂದ ದೊಡ್ಡ ಕಣ್ಣುಗಳನ್ನು (ಕ್ರಾಂಕಿಗೆ ಕೂರುವ ತೂತುಗಳನ್ನು) ಮತ್ತೆ ಹೋನ್ ಮಾಡಿಸಬೇಕಾಯಿತು, ಏಕೆಂದರೆ ಬೋಲ್ಟಿನ ಎಳೆತ ಬದಲಾದರೆ ಆ ತೂತಿನ ದುಂಡೂ ಬದಲಾಗುತ್ತದೆ. ಕ್ರಾಂಕನ್ನು ಹಿಡಿದಿಡುವ ಮೇನ್ ಕ್ಯಾಪ್‌ಗಳಿಗೂ ಇದೇ ನ್ಯಾಯ: ಸ್ಟಡ್ ಹಾಕಿದರೆ ಲೈನ್ ಹೋನ್ (ಆ ತೂತುಗಳನ್ನೆಲ್ಲ ಒಂದೇ ಸಾಲಿನಲ್ಲಿ ಹೋನ್) ಮಾಡಿಸಲೇಬೇಕು. ನನ್ನ ಮಟ್ಟದ ಶಕ್ತಿಗೆ ಕಂಪನಿಯ ಮೇನ್ ಬೋಲ್ಟೇ ಸಾಕೆಂದು ಶಾಪಿನವರು ಹೇಳಿದರು, ಆ ದುಡ್ಡು ಹೆಡ್ಡಿಗೆ ಹೋಯಿತು.

ಹೆಡ್ಡಿಗೆ ಎಷ್ಟು ಖರ್ಚು ಮಾಡಿದರೂ ಸಾರ್ಥಕ. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿದಾಗ ಈ ಎಂಜಿನ್ನಿನಲ್ಲಿ ಮೊದಲು ಸೋಲುವುದು ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು. ಹೆಡ್ಡನ್ನು ಕಾಸ್ಟಿಕ್ ತೊಟ್ಟಿಯಲ್ಲಿ ತೊಳೆದು, ಬಿರುಕು ನೋಡಿ, ನೀರಿನ ದಾರಿಗಳನ್ನು ಮುಚ್ಚಿ ಗಾಳಿ ತುಂಬಿ ಪರೀಕ್ಷಿಸಿದರು. ಎರಡು ವಾಲ್ವ್ ಸೀಟುಗಳ ನಡುವಿನ ಜಾಗ ಈ ಹೆಡ್ಡುಗಳ ದುರ್ಬಲ ಸ್ಥಳ. ನನ್ನದರಲ್ಲಿ ಬಿರುಕಿರಲಿಲ್ಲ. ಗೈಡ್ ಹೊಸದು, ಎಕ್ಸಾಸ್ಟ್ ಸೀಟು ಹೊಸದು, ವೇಗ ಏರಿದಾಗ ವಾಲ್ವ್ ತೇಲದಿರಲು (ಸಮಯಕ್ಕೆ ಸರಿಯಾಗಿ ಮುಚ್ಚಲು) 60 ಪೌಂಡಿನ ಸ್ಪ್ರಿಂಗ್. ಆಮೇಲೆ ಬ್ಲಾಕಿನ ಮತ್ತು ಹೆಡ್ಡಿನ ಮುಖಗಳನ್ನು ಸಮತಟ್ಟು ಮಾಡಿಸಿದೆ. ಇಲ್ಲಿ ಧಾರಾಳತನ ಸಲ್ಲದು: ಡೀಸೆಲ್ಲಿನಲ್ಲಿ ಪಿಸ್ಟನ್ ಬ್ಲಾಕಿನ ಮುಖಕ್ಕಿಂತ ಕೂದಲೆಳೆಯಷ್ಟು ಮೇಲೆ ಬರುತ್ತದೆ, ಬ್ಲಾಕಿನಿಂದ ತೆಗೆದಷ್ಟೂ ಅದು ಇನ್ನೂ ಮೇಲೆ. ಹೆಚ್ಚು ತೆಗೆಸಿದವರು ದಪ್ಪ ಗ್ಯಾಸ್ಕೆಟ್ ಹಾಕಬೇಕಾಗುತ್ತದೆ. ನನ್ನದು ಚೊಕ್ಕವಾಗುವಷ್ಟು ಮಾತ್ರ ಕತ್ತರಿಸಿದ್ದು. ಸಿಲಿಂಡರಿನ ಸುತ್ತ ತೋಡು ಕೊರೆದು ಉಕ್ಕಿನ ಫೈರ್ ರಿಂಗ್ ಕೂರಿಸುವ ಪದ್ಧತಿಯೂ ಇದೆ. ಎರಡು ಟರ್ಬೊ ಹಾಕುವವರಿಗೆ ಅದು ಸರಿ. ದಿನವೂ ತಣ್ಣಗಾಗಿ ಬಿಸಿಯಾಗುವ ಗಾಡಿಗೆ ಒಳ್ಳೆಯ ಸ್ಟಡ್, ಸಮತಟ್ಟಾದ ಮುಖ, ಕಂಪನಿ ಗ್ಯಾಸ್ಕೆಟ್ ಇವು ಸಾಕೆಂಬುದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಈ ಹೆಡ್ಡಿಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಪ್ರತ್ಯೇಕವಾಗಿಲ್ಲ, ಹೆಡ್ಡಿನ ಎರಕದಲ್ಲೇ ಸೇರಿದೆ. ಮೇಲೊಂದು ತಗಡಿನ ಮುಚ್ಚಳವಷ್ಟೇ. ಮಶೀನಿನಿಂದ ಬಂದ ಕಬ್ಬಿಣದ ಚೂರು ಆ ಕೋಣೆಯ ಮೂಲೆಗಳಲ್ಲಿ ಅಡಗುತ್ತದೆ, ಎಂಜಿನ್ ಚಾಲೂ ಆದ ಕ್ಷಣ ನೇರ ಸಿಲಿಂಡರಿಗೆ ಹೋಗುತ್ತದೆ. ಶಾಪಿನವರು ತೊಳೆದೇ ಕೊಟ್ಟಿದ್ದರು. ಆದರೂ ಅಯಸ್ಕಾಂತ ಕಟ್ಟಿದ ತಂತಿ ಆಡಿಸಿದಾಗ ತುದಿಯಲ್ಲಿ ಮೀಸೆಯಂತೆ ಚೂರು ಮೂಡಿತು. ಮತ್ತೆ ತೊಳೆದೆ. ಬ್ಲಾಕಿಗೂ ಅಷ್ಟೇ. ಸೀಮೆಎಣ್ಣೆಯಿಂದ ಒರೆಸಿದರೆ ಹೋನಿಂಗ್ ಕಲ್ಲಿನ ಪುಡಿ ಹೋಗುವುದಿಲ್ಲ. ಬಿಸಿನೀರು, ಪಾತ್ರೆ ತೊಳೆಯುವ ಸಾಬೂನು, ನೈಲಾನ್ ಬ್ರಷ್ಷು. ಸಿಲಿಂಡರಿನಲ್ಲಿ ಬಿಳಿ ಬಟ್ಟೆ ತಿರುಗಿಸಿದರೆ ಬಿಳಿಯಾಗಿಯೇ ಹೊರಗೆ ಬರುವವರೆಗೆ. ಒಣಗಿದ ಕೂಡಲೇ ಎಣ್ಣೆ ಸವರಬೇಕು, ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ.

ಕಟ್ಟುವ ಕೆಲಸ ಗ್ಯಾರೇಜಿನಲ್ಲಿ, ಒಬ್ಬನೇ, ಅವಸರವಿಲ್ಲದೆ. ಬೇರಿಂಗ್ ಸಡಿಲಿಕೆಗೆ ಜರ್ನಲ್ಲಿನ ವ್ಯಾಸದ ಪ್ರತಿ ಇಂಚಿಗೆ ಒಂದು ಥೌ ಎಂಬ ಹಳೆಯ ಲೆಕ್ಕ ನನಗೆ ಸಾಕಾಯಿತು. ಮೇನ್ ಜರ್ನಲ್ 83 ಮಿಲಿಮೀಟರ್ ಇರುವುದರಿಂದ ಮೂರು ಥೌ ಚಿಲ್ಲರೆ. ರಿಂಗಿನ ಬಾಯಿ (ತುದಿಗಳ ನಡುವಿನ ಸಂದು) ಬೋರಿನ ಪ್ರತಿ ಇಂಚಿಗೆ ನಾಲ್ಕೂವರೆ ಥೌ ಎಂದರೆ 18 ಆಗುತ್ತದೆ. ಬೂಸ್ಟಿನ ಕಾವಿಗೆ ರಿಂಗು ಹಿಗ್ಗಿ ತುದಿಗಳು ತಾಗದಿರಲೆಂದು ಮೇಲಿನ ರಿಂಗಿಗೆ 20 ಇಟ್ಟುಕೊಂಡೆ. ಹೆಡ್ ಸ್ಟಡ್‌ಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ 125 ಅಡಿ-ಪೌಂಡಿನವರೆಗೆ ಬಿಗಿದೆ. ವಾಲ್ವ್ ಸಡಿಲಿಕೆ ಎಂಜಿನ್ ತಣ್ಣಗಿದ್ದಾಗ ಇನ್‌ಟೇಕಿಗೆ 10 ಥೌ, ಎಕ್ಸಾಸ್ಟಿಗೆ 20.

ಇಂಧನ ಪಂಪು ಬಾಶ್ ಪಿ7100. ಅದರ ಗೇರು ಕೂರುವುದು ಇಳಿಜಾರಾದ ದಂಡದ ಮೇಲೆ, ಕೀ ಹಿಡಿತವಿಲ್ಲ, ಕೇವಲ ಬಿಗಿತದ ಮೇಲೆ. ದಂಡದ ಮೇಲೆ, ಗೇರಿನ ತೂತಿನಲ್ಲಿ ಎಣ್ಣೆಯ ಪಸೆ ಇದ್ದರೆ ಹೊರೆ ಬಿದ್ದಾಗ ಜಾರುತ್ತದೆ, ಟೈಮಿಂಗ್ ಕೆಡುತ್ತದೆ. ಬ್ರೇಕ್ ಕ್ಲೀನರ್ ಹೊಡೆದು, ಒರೆಸಿ, ಮತ್ತೆ ಹೊಡೆದು ಒಣಗಿಸಿ ಬಿಗಿದೆ. ಟೈಮಿಂಗ್, ಅಂದರೆ ಪಿಸ್ಟನ್ ಮೇಲಿನ ತುದಿ ತಲುಪುವ ಮುನ್ನ ಇಂಧನ ಸಿಂಪಡಿಸುವ ಕ್ಷಣ, 16 ಡಿಗ್ರಿಗೆ ನಿಲ್ಲಿಸಿದೆ. ಇನ್ನೂ ಮುಂದೆ ತಂದರೆ ಮೇಲಿನ ವೇಗದಲ್ಲಿ ಶಕ್ತಿ ಸಿಗಬಹುದು, ಆದರೆ ಸಿಲಿಂಡರಿನ ಒತ್ತಡ ಏರಿ ಅದೇ ಹೆಡ್ ಗ್ಯಾಸ್ಕೆಟ್ಟಿಗೆ ಪೆಟ್ಟು. ಚಳಿಗಾಲದಲ್ಲಿ ಚಾಲೂ ಮಾಡುವುದೂ ಕಷ್ಟ.

ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಇದ್ದುದರಿಂದ ಸತು ಹೆಚ್ಚಿರುವ ಬ್ರೇಕ್-ಇನ್ ಎಣ್ಣೆ ಹಾಕಿ, ಚಾಲೂ ಆದ ಕೂಡಲೇ ಐಡಲಿನಲ್ಲಿ ಬಿಡದೆ ವೇಗ ಏರಿಸಿ ಇಟ್ಟೆ. ಆಮೇಲೆ ಖಾಲಿ ಓಡಿಸದೆ ಟ್ರೇಲರ್ ಕಟ್ಟಿ ಹೆದ್ದಾರಿಗೆ ಹೊರಟೆ. ರಿಂಗು ಗೋಡೆಗೆ ಕೂರುವುದು ಹೊರೆಯಲ್ಲಿ, ಐಡಲಿನಲ್ಲಲ್ಲ. ಮೊದಲ ಫಿಲ್ಟರನ್ನು ಕತ್ತರಿಸಿ ಹಾಳೆ ಬಿಡಿಸಿ ನೋಡಿದೆ: ನುಣ್ಣನೆಯ ಬೂದು ಪುಡಿ, ಬೇರಿಂಗಿನ ತಾಮ್ರದ ಬಣ್ಣ ಎಲ್ಲಿಯೂ ಇಲ್ಲ. ಮುಚ್ಚಳ ತಲೆಕೆಳಗಿಟ್ಟರೆ ಸುಮ್ಮನೆ ಕೂರುತ್ತದೆ. ಪೈರೋಮೀಟರ್ 1250 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ ಕಾಲೆತ್ತುವುದೆಂದು ನಿಯಮ ಮಾಡಿಕೊಂಡಿದ್ದೇನೆ.

ಜಾತ್ರೆಯ ಸ್ಪರ್ಧೆಯಲ್ಲಿ ಎಂಜಿನ್ ಏದುಸಿರು ಬಿಡಲಿಲ್ಲ. ಸ್ಲೆಡ್ಡಿನ ಪೆಟ್ಟಿಗೆ ಅರ್ಧ ದಾರಿ ದಾಟುವಷ್ಟರಲ್ಲಿ ಕ್ಲಚ್ ಜಾರತೊಡಗಿತು, ಕ್ಯಾಬಿನ್ ತುಂಬ ಸುಟ್ಟ ವಾಸನೆ. ಕಂಪನಿಯ ಕ್ಲಚ್ ಈ ಶಕ್ತಿಗೆ ಮಾಡಿದ್ದಲ್ಲ, ಅದು ಗೊತ್ತಿದ್ದದ್ದೇ. ಈ ವರ್ಷದ ದುಡ್ಡು ಬ್ಲಾಕಿಗೂ ಹೆಡ್ಡಿಗೂ ಎಂದು ಮೊದಲೇ ತೀರ್ಮಾನವಾಗಿತ್ತು. ಚಳಿಗಾಲದಲ್ಲಿ ಎನ್‌ವಿ4500 ಗೇರ್‌ಬಾಕ್ಸ್ ಇಳಿಸಿ ಎರಡು ಡಿಸ್ಕಿನ ಕ್ಲಚ್ ಹಾಕಬೇಕು, ಆಗಲೇ ಐದನೇ ಗೇರಿನ ನಟ್ಟನ್ನೂ ನೋಡಬೇಕು. ಈ ಗೇರ್‌ಬಾಕ್ಸಿನಲ್ಲಿ ಅದು ಸಡಿಲವಾಗುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ.