ಗುಳಿಗೆ ಹಾಕುವುದು ಸುಲಭ, ಗೋದಾಮು ತೆರೆಯುವುದು ಕಷ್ಟ

ಕಲಬುರಗಿ ಸುತ್ತಿನ ದಾಲ್ ಮಿಲ್‌ಗಳ ಗೋದಾಮುಗಳಲ್ಲಿ ಧೂಮೀಕರಣ, ಅಂದರೆ ವಿಷಾನಿಲ ಬಿಡುವ ಗುಳಿಗೆ ಇಟ್ಟು ಹುಳು ಸಾಯಿಸುವುದು, ನನ್ನ ಉದ್ಯೋಗ. ಡಿಸೆಂಬರ್‌ನಲ್ಲಿ ತೊಗರಿ ರಾಶಿ ಆರಂಭವಾಗಿ ಜನವರಿಯ ಹೊತ್ತಿಗೆ ಗೋದಾಮುಗಳು ತುಂಬುತ್ತವೆ, ಅದರ ಬೆನ್ನಿಗೇ ನನಗೆ ಕರೆಗಳು ಬರತೊಡಗುತ್ತವೆ. ಕುಟ್ಟೆ ಹುಳು, ಅಂದರೆ ಕಾಳು ಕೊರೆಯುವ ಸಣ್ಣ ದುಂಬಿ, ಎಷ್ಟೋ ಸಲ ಹೊಲದಿಂದಲೇ ಬಂದಿರುತ್ತದೆ. ಕಾಯಿ ಬಲಿಯುವಾಗಲೇ ದುಂಬಿ ಮೊಟ್ಟೆ ಇಟ್ಟಿರುತ್ತದೆ, ಮರಿ ಕಾಳನ್ನು ಕೊರೆದು ಒಳಗೆ ಸೇರಿಕೊಂಡಿರುತ್ತದೆ. ಚೀಲದ ಮೇಲೆ ದುಂಬಿ ಕಾಣಿಸುವ ಹೊತ್ತಿಗೆ ಒಳಗೆ ಇನ್ನೊಂದು ತಲೆಮಾರು ಸಿದ್ಧವಾಗಿರುತ್ತದೆ. ಅದಕ್ಕೆ ಇಡೀ ಕಾಳು ಬೇಕು, ಒಡೆದ ಬೇಳೆಯ ಮೇಲೆ ಅಷ್ಟು ಆಸೆಯಿಲ್ಲ. ಆದ್ದರಿಂದ ಮಾಲೀಕರನ್ನು ನಾನು ಮೊದಲು ಕೇಳುವುದು, ಇದು ಕಾಳೋ ಬೇಳೆಯೋ, ಎಷ್ಟು ದಿನ ಇಡುತ್ತೀರಿ ಎಂದು. ವಾರದೊಳಗೆ ಒಡೆದು ಮಾರುವ ಮಾಲಿಗೆ ಗುಳಿಗೆ ಬೇಡ ಎಂದು ಹೇಳಿ ಗಿರಾಕಿ ಬಿಟ್ಟುಹೋದದ್ದೂ ಉಂಟು.

ನಾವು ಬಳಸುವುದು ಅಲ್ಯೂಮಿನಿಯಂ ಫಾಸ್ಫೈಡ್. 3 ಗ್ರಾಂ ತೂಕದ ಒಂದು ಗುಳಿಗೆ ಗಾಳಿಯ ತೇವ ಹೀರಿ 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ಲೆಕ್ಕ ಟನ್ನಿಗೆ 3 ಗುಳಿಗೆ. 50 ಕಿಲೋದ 2000 ಚೀಲಗಳ ನಿಟ್ಟು ಎಂದರೆ 100 ಟನ್, ಅಂದರೆ 300 ಗುಳಿಗೆ. ಇದನ್ನು ಯಾರು ಬೇಕಾದರೂ ಕೊಂಡು ಹಾಕುವಂತಿಲ್ಲ. ಸರ್ಕಾರಿ ಸಂಸ್ಥೆಗಳು ಮತ್ತು ಪರವಾನಗಿ ಪಡೆದ ಕೀಟ ನಿಯಂತ್ರಕರು ಮಾತ್ರ, ಅದೂ ಸರ್ಕಾರ ಒಪ್ಪಿದ ತಜ್ಞರ ಕಣ್ಗಾವಲಿನಲ್ಲಿ ಬಳಸಬೇಕು. 10 ಮತ್ತು 20 ಗುಳಿಗೆಗಳ ಕೊಳವೆ ಪೊಟ್ಟಣಗಳನ್ನಂತೂ ನಮ್ಮ ದೇಶದಲ್ಲಿ ಪೂರ್ತಿ ನಿಷೇಧಿಸಲಾಗಿದೆ.

ಕೆಲಸದ ಬಹುಪಾಲು ಗುಳಿಗೆ ಮುಟ್ಟುವ ಮೊದಲೇ ಮುಗಿಯಬೇಕು. ನಿಟ್ಟಿನ ಮೇಲೆ ಹೊದಿಸುವ ಹೊದಿಕೆಯನ್ನು ಬಿಸಿಲಿಗೆ ಹಿಡಿದು ತೂತು ಹುಡುಕುತ್ತೇನೆ, ಸಿಕ್ಕ ತೂತಿಗೆ ಟೇಪ್ ಅಂಟಿಸುತ್ತೇನೆ. ನೆಲಕ್ಕೆ ತಾಗುವ ಅಂಚಿನ ಮೇಲೆ ಮರಳು ತುಂಬಿದ ಉದ್ದನೆಯ ಚೀಲಗಳನ್ನು ಒಂದರ ತುದಿ ಇನ್ನೊಂದರ ಮೇಲೆ ಬರುವಂತೆ ಮಲಗಿಸುತ್ತೇವೆ. ನೆಲದಲ್ಲಿ ಬಿರುಕಿದ್ದರೆ ಅದರ ಮೂಲಕವೇ ಅನಿಲ ಸೋರುತ್ತದೆ, ಅದನ್ನು ಮೊದಲು ಮುಚ್ಚಿಸಬೇಕು. ನಿಟ್ಟಿನ ಮೇಲೆ, ನಡುವೆ, ಬುಡದಲ್ಲಿ ಸಣ್ಣ ನೈಲಾನ್ ಕೊಳವೆಗಳನ್ನಿಟ್ಟು ಅವುಗಳ ತುದಿಯನ್ನು ಗೋದಾಮಿನ ಹೊರಗೆ ತರುತ್ತೇನೆ. ಮುಂದೆ ಒಳಗೆ ಕಾಲಿಡದೆ ಅನಿಲ ಅಳೆಯಲು ಅವೇ ದಾರಿ. ಗೋದಾಮಿನ ವಿದ್ಯುತ್ ಮುಖ್ಯ ಸ್ವಿಚ್ ಬಂದ್. ಫಾಸ್ಫೀನ್ ತಾಮ್ರ, ಹಿತ್ತಾಳೆ, ಬೆಳ್ಳಿಯನ್ನು ತಿನ್ನುತ್ತದೆ, ಆದ್ದರಿಂದ ಎಲೆಕ್ಟ್ರಾನಿಕ್ ತಕ್ಕಡಿ, ಕಂಪ್ಯೂಟರ್ ಎಲ್ಲ ಹೊರಗೆ.

ಇದಕ್ಕಿಂತ ಹೆಚ್ಚು ಸಮಯ ಹೋಗುವುದು ಮನುಷ್ಯರ ವಿಷಯದಲ್ಲಿ. ಗೋದಾಮಿಗೊಬ್ಬ ಕಾವಲುಗಾರ ಇರುತ್ತಾನೆ, ಚಳಿಗಾಲದಲ್ಲಿ ಚೀಲಗಳ ನಡುವಿನ ಬೆಚ್ಚನೆ ಮೂಲೆಯೇ ಅವನ ಹಾಸಿಗೆ. “ಕಾಕಾ, ಈ ವಾರ ನಿಮ್ಮ ಹಾಸಿಗೆ ಇಲ್ಲಿ ಬೇಡ” ಎಂದರೆ, “ನಾನು ಬಾಗಿಲ ಹತ್ತಿರ ಮಲಗುತ್ತೇನೆ ಸಾಹೇಬರೇ, ವಾಸನೆ ಬಂದರೆ ಎದ್ದು ಹೋಗುತ್ತೇನೆ” ಎನ್ನುತ್ತಾರೆ. ವಾಸನೆಯ ಮೇಲಿನ ಈ ನಂಬಿಕೆಗೆ ನಾನು ಎಲ್ಲಕ್ಕಿಂತ ಹೆಚ್ಚು ಹೆದರುತ್ತೇನೆ. ಶುದ್ಧ ಫಾಸ್ಫೀನ್‌ಗೆ ವಾಸನೆಯೇ ಇಲ್ಲ. ನಮಗೆ ಬರುವ ಬೆಳ್ಳುಳ್ಳಿಯಂಥ ವಾಸನೆ ಅದರ ಜತೆಗಿರುವ ಬೆರಕೆಯದು, ಧಾನ್ಯ ಅದನ್ನು ಹೀರಿಕೊಂಡರೆ ಅನಿಲ ಉಳಿದು ವಾಸನೆ ಮಾತ್ರ ಹೋಗಬಹುದು. ಮಲಗಿದವನ ಮೂಗಂತೂ ಯಾರನ್ನೂ ಎಬ್ಬಿಸುವುದಿಲ್ಲ. ಕಾಕಾನಿಗೆ ಬೇರೆ ಕಡೆ ಮಲಗಲು ಜಾಗ ಕೊಡಿಸುವವರೆಗೆ ನಾನು ಗುಳಿಗೆಯ ಡಬ್ಬಿ ಒಡೆಯುವುದಿಲ್ಲ. ಗೋಡೆಗೆ ಗೋಡೆ ಹತ್ತಿಕೊಂಡ ಮನೆಯಿದ್ದರೆ ಅಂಥ ಗೋದಾಮಿನ ಕೆಲಸವನ್ನೇ ಒಪ್ಪುವುದಿಲ್ಲ.

ಗುಳಿಗೆ ಇಡುವುದು ಅರ್ಧ ಗಂಟೆಯೂ ಬೇಡದ ಕೆಲಸ. ಕನಿಷ್ಠ ಇಬ್ಬರು ಇರುತ್ತೇವೆ, ಒಬ್ಬನೇ ಎಂದೂ ಇಲ್ಲ. ಮುಖ ಪೂರ್ತಿ ಮುಚ್ಚುವ, ಫಾಸ್ಫೀನ್‌ಗೆಂದೇ ಇರುವ ಕ್ಯಾನಿಸ್ಟರ್ (ಅನಿಲ ಸೋಸುವ ಡಬ್ಬಿ) ಹಾಕಿದ ಮುಖವಾಡ. ಬಟ್ಟೆಯ ಮಾಸ್ಕ್ ಇಲ್ಲಿ ಕರವಸ್ತ್ರಕ್ಕೆ ಸಮ. ಕೈಗೆ ಒಣಗಿದ ಹತ್ತಿಯ ಕೈಗವಸು. ಡಬ್ಬಿಯನ್ನು ಬಯಲಿನಲ್ಲಿ, ಗಾಳಿಗೆ ಬೆನ್ನು ಹಾಕಿ, ಮುಖ ದೂರ ಹಿಡಿದು ತೆರೆಯುತ್ತೇನೆ. ಮಳೆ ಹನಿಯುತ್ತಿದ್ದರೆ ಆ ದಿನ ಕೆಲಸವಿಲ್ಲ. ತಟ್ಟೆಗಳಲ್ಲಿ ಗುಳಿಗೆ ಒಂದರ ಮೇಲೊಂದು ಬೀಳದಂತೆ ಹರಡಿ, ಅಡಿಯ ಮರದ ಕ್ರೇಟ್‌ಗಳ ಸಂದಿಗೆ ತಳ್ಳುತ್ತೇವೆ. ರಾಶಿ ಬಿದ್ದಲ್ಲಿ ಅಥವಾ ನೀರು ತಾಗಿದಲ್ಲಿ ಅನಿಲ ಒಮ್ಮೆಲೇ ದಟ್ಟವಾಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ 1.8 ದಾಟಿದರೆ ತಾನೇ ಹೊತ್ತಿಕೊಳ್ಳಬಲ್ಲದು. ಗುಳಿಗೆಯಲ್ಲಿ ಅಮೋನಿಯಂ ಕಾರ್ಬಮೇಟ್ ಬೆರೆಸಿರುವುದು ಇದಕ್ಕಾಗಿಯೇ. ಅದರಿಂದ ಹೊರಡುವ ಅಮೋನಿಯಾ ಎಚ್ಚರಿಕೆಯೂ ಹೌದು, ಇಂಗಾಲದ ಡೈಆಕ್ಸೈಡ್ ಜತೆ ಸೇರಿ ಬೆಂಕಿಗೆ ತಡೆಯೂ ಹೌದು. ಬಾಗಿಲಿಗೆ ಬೀಗ, ಬೀಗದ ಮೇಲೆ ತಲೆಬುರುಡೆಯ ಫಲಕ, ದಿನಾಂಕ, ನನ್ನ ಮೊಬೈಲ್ ಸಂಖ್ಯೆ. ಕೀಲಿ ನನ್ನ ಹತ್ತಿರವೇ.

ಕೀಲಿ ನನ್ನಲ್ಲಿರುವುದಕ್ಕೆ ಕಾರಣ ಚೌಕಾಸಿ. “ಲಾರಿ ಬಂದು ನಿಂತಿದೆ, ಹುಳು ಸತ್ತಿರುತ್ತವೆ, ಮೂರನೇ ದಿನಕ್ಕೆ ತೆಗೆಯಿರಿ” ಎಂದು ಮಾಲೀಕರು ಹೇಳದ ಸಲವೇ ಕಡಿಮೆ. ಮೇಲೆ ಓಡಾಡುವ ದುಂಬಿ ಬೇಗ ಸಾಯುತ್ತದೆ, ನಿಜ. ಮೊಟ್ಟೆ ಮತ್ತು ಕೋಶ (ಮರಿ ದುಂಬಿಯಾಗುವ ಮುಂಚಿನ ಹಂತ) ಹಾಗಲ್ಲ, ಅವಕ್ಕೆ ಅನಿಲದ ಪ್ರಮಾಣಕ್ಕಿಂತ ದಿನಗಳು ಮುಖ್ಯ. ಚಳಿಯಲ್ಲಿ ಕೀಟದ ಉಸಿರಾಟವೂ ನಿಧಾನ, ಗುಳಿಗೆ ಕರಗುವುದೂ ನಿಧಾನ. ಏಪ್ರಿಲ್‌ನಲ್ಲಿ 5 ದಿನಕ್ಕೆ ಆಗುವುದು ಜನವರಿಯಲ್ಲಿ ಕನಿಷ್ಠ 7 ದಿನ ಬೇಡುತ್ತದೆ. ಅರ್ಧಕ್ಕೆ ತೆರೆದ ಗೋದಾಮಿನಲ್ಲಿ ಬದುಕುಳಿಯುವವು ಗಟ್ಟಿ ಹುಳುಗಳೇ. ಫಾಸ್ಫೀನ್‌ಗೆ ಬಗ್ಗದ ಅಕ್ಕಿ, ಗೋಧಿಯ ಕೀಟಗಳು ನಮ್ಮ ದೇಶದಲ್ಲಿ ಈಗಾಗಲೇ ಇವೆ, ಅಂಥದ್ದನ್ನು ತೊಗರಿಯಲ್ಲಿ ಸಾಕಿದ ಕೀರ್ತಿ ನನಗೆ ಬೇಡ.

ತೆರೆಯುವ ದಿನ ಗುಳಿಗೆ ಹಾಕಿದ ದಿನಕ್ಕಿಂತ ಅಪಾಯದ್ದು, ಏಕೆಂದರೆ ಆಗ ಒಳಗೆ ಅನಿಲ ತುಂಬಿರುತ್ತದೆ ಮತ್ತು ಎಲ್ಲರಿಗೂ ಅವಸರ. ಬಾಗಿಲು, ಕಿಟಕಿಗಳನ್ನು ಹೊರಗಿನಿಂದ ತೆರೆಯುತ್ತೇವೆ. ಆಮೇಲೆ ಮುಖವಾಡ ಹಾಕಿ ಹೊದಿಕೆಯ ಒಂದು ಮೂಲೆ ಎತ್ತಿ ಹೊರಬರುತ್ತೇವೆ. ಮಾಪಕ 0.3 ಪಿಪಿಎಂಗಿಂತ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 0.3 ಭಾಗ) ಕೆಳಗೆ ತೋರಿಸುವವರೆಗೆ ಹಮಾಲರಿಗೆ ಪ್ರವೇಶವಿಲ್ಲ. ಅಲ್ಲಿಗೂ ಮುಗಿಯಲಿಲ್ಲ. ಚೀಲದ ಒಳಗಿನ ಕಾಳು ಹೀರಿದ ಅನಿಲವನ್ನು ನಿಧಾನವಾಗಿ ಬಿಡುತ್ತಿರುತ್ತದೆ. ಸಂಜೆ ಸೊನ್ನೆ ತೋರಿಸಿದ ಜಾಗ ರಾತ್ರಿಯಿಡೀ ಬಾಗಿಲು ಮುಚ್ಚಿದರೆ ಬೆಳಿಗ್ಗೆ ಮತ್ತೆ ಅಂಕಿ ತೋರಿಸುವುದುಂಟು. ಬೆಳಿಗ್ಗೆ ಮತ್ತೊಮ್ಮೆ ಅಳೆದ ಮೇಲಷ್ಟೇ ಕೀಲಿ ಒಪ್ಪಿಸುತ್ತೇನೆ. ಇಷ್ಟಾಗಿಯೂ ಯಾರಿಗಾದರೂ ತಲೆನೋವು, ವಾಕರಿಕೆ, ಎದೆ ಬಿಗಿತ ಬಂದರೆ ಬಯಲಿಗೆ ಕರೆತಂದು ನೇರ ಆಸ್ಪತ್ರೆಗೆ. ಈ ವಿಷಕ್ಕೆ ಪ್ರತಿವಿಷ ಇಲ್ಲ.

ತಟ್ಟೆಯಲ್ಲಿ ಉಳಿದ ಬೂದುಬಣ್ಣದ ಪುಡಿಯಲ್ಲಿ ಇನ್ನೂ ಸ್ವಲ್ಪ ಜೀವ ಇರುತ್ತದೆ. ಬಯಲಿನಲ್ಲಿ ಬಕೆಟ್ ತುಂಬ ಸೋಪಿನ ನೀರಿಟ್ಟು, ಮುಖವಾಡ ತೆಗೆಯದೆ, ಪುಡಿಯನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಹಾಕಿ ಕಲಕುತ್ತೇವೆ. ಪುಡಿಯ ಮೇಲೆ ನೀರು ಸುರಿಯುವುದು ಮಾತ್ರ ಕೂಡದು. ಗುಳ್ಳೆ ನಿಂತ ಮೇಲೆ ಬಾವಿ, ಹಳ್ಳಗಳಿಂದ ದೂರದ ಗುಂಡಿಯಲ್ಲಿ ಹೂಳುತ್ತೇವೆ.

ಕೆಲಸ ಮುಗಿದಾಗ ಯಾರಾದರೊಬ್ಬರು ಬಂದು “ಮನೆಯ ಅಕ್ಕಿಗೆ ಎರಡು ಗುಳಿಗೆ ಕೊಡಿ ಸಾಹೇಬರೇ” ಎಂದು ಕೇಳುತ್ತಾರೆ. ಕೊಡುವುದಿಲ್ಲ, ಉಳಿದ ಗುಳಿಗೆಯ ಲೆಕ್ಕವನ್ನು ಅವರೆದುರೇ ಬರೆಯುತ್ತೇನೆ. ಮುಚ್ಚಿದ ಕೋಣೆಯಲ್ಲಿ ಒಂದು ಸಂಸಾರವನ್ನೇ ಕೊಲ್ಲಲು ಎರಡು ಗುಳಿಗೆ ಸಾಕು. ಮನೆಯ ತೊಗರಿಗೆ ನಮ್ಮ ಅವ್ವ ಮಾಡುತ್ತಿದ್ದುದನ್ನೇ ಹೇಳಿ ಕಳಿಸುತ್ತೇನೆ: ಕಾಳನ್ನು ಕಡುಬಿಸಿಲಿಗೆ ಚೆನ್ನಾಗಿ ಒಣಗಿಸಿ, ಆರಿದ ಮೇಲೆ ಹರಳೆಣ್ಣೆ ಸವರಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿಡಿ.